ಗೆರೆ ಸವೆದ ಕೈ

“ಬೆರಳು ಸಡ್ಲ ಬಿಡಲೇ ಬೋಳಿಮಗನೆ! ನಿನ್ನೇನ್ ನೇಣಿಗ್ ಹಾಕ್ತಾ ಇಲ್ಲ,” ಎಂದು ಪೇದೆ ಶಶಿಧರ್ ಜವರಪ್ಪನ ಹೆಬ್ಬೆರಳನ್ನು ಹಿಂಡಿ ಕಾಗದಕ್ಕೆ ಒತ್ತಿದ. ಮತ್ತೆ ಬರೀ ಮಸಿ. ಗೆರೆಯೇ ಮೂಡಲಿಲ್ಲ.

ಅವರು ನಿಂತಿದ್ದ ಅರಸೀಕೆರೆಯ ಕಾಲೇಜಿನ ವೇದಿಕೆಗೆ ‘ಸಮಾಜದ ನೆಮ್ಮದಿಗೆ ಅಪರಾಧಶಾಸ್ತ್ರ’ ಅಂತ ಬ್ಯಾನರು ಕಟ್ಟಿದ್ದರು. ಷಡಕ್ಷರಪ್ಪನ ಮಂಡಿಯಲ್ಲಿ ಕೊಬ್ಬರಿ ಮೂಟೆ ಕಳುವಾದಾಗಿನಿಂದ ಪೊಲೀಸರು ಅಲ್ಲಿ ಕಾಯಿ ಸುಲಿಯುವ ಜವರಪ್ಪನನ್ನೇ ಠಾಣೆಗೆ ಎಳೆದಾಡುತ್ತಿದ್ದರು. ಹೊಲಗೇರಿಯವನು, ಇನ್ನೇನು ಸಾಕ್ಷಿ ಬೇಕು? ಕಳ್ಳನ ಬೆರಳ ಗುರುತು ತಕ್ಕಡಿಯ ಮೇಲೆ ಸಿಕ್ಕಿದೆ, ನಿನ್ನದು ತಾಳೆಯಾಗದಿದ್ದರೆ ಬಿಟ್ಟುಬಿಡ್ತೀವಿ, ಕಾಲೇಜಿಗೆ ಬಂದು ಎಲ್ಲರೆದುರು ಕೊಡು ಅಂದಿದ್ದರು. ಅದಕ್ಕೇ ಒಗೆದ ಅಂಗಿ ತೊಟ್ಟು ಹುರುಪಿನಿಂದಲೇ ಬಂದಿದ್ದ. ಪೊಲೀಸರು ಸುಳ್ಳು ಹೇಳಬಹುದು, ಬೆರಳಚ್ಚು ಹೇಳೋದಿಲ್ಲ ಅಂತ ಪಾಪ ನಂಬಿದ್ದ.

ಮೈಸೂರಿನಿಂದ ಬಂದಿದ್ದ ಅಪರಾಧಶಾಸ್ತ್ರದ ಮೇಷ್ಟ್ರು ರಘುರಾಮ್ ಮೈಕು ಹಿಡಿದರು. “ಗಮನಿಸಿ, ಪಳಗಿದವರು ಬೆರಳನ್ನ ಕಲ್ಲಿಗೆ ಉಜ್ಜಿ ಗೆರೆ ಅಳಿಸಿಕೊಳ್ತಾರೆ. ಇಂಥವರನ್ನ ಮೊದಲೇ ಗುರುತಿಸಿದರೆ ಊರು ಶಾಂತವಾಗಿರುತ್ತೆ.” ಹುಡುಗರು ಮೊಬೈಲ್ ಎತ್ತಿ ಜವರಪ್ಪನ ಫೋಟೊ ತೆಗೆದುಕೊಂಡರು.

“ಅಳಿಸ್ಕಂಡಿಲ್ಲ ಸಾ! ನಾರು ಕಿತ್ತು ಕಿತ್ತು ಸವೆದೋಗವೆ. ರೇಸನ್ ಅಂಗ್ಡಿ ಮಿಷನ್ನೂ ನನ್ ಬೆರಳು ತಗಳಲ್ಲ. ಗೆರೇನೇ ಇಲ್ದೋನು ತಕ್ಕಡಿ ಮ್ಯಾಲೆ ಗುರ್ತು ಎಂಗ್ ಬಿಡ್ಲಿ ಸಾ?”

“ನೋಡಿದ್ರಾ, ಎಷ್ಟು ಚಾಲಾಕಿ!” ರಘುರಾಮ್ ನಕ್ಕರು. ಸಭೆಯೂ ನಕ್ಕಿತು.

ಜವರಪ್ಪ ಮುಖ್ಯ ಅತಿಥಿಯಾಗಿ ಕೂತಿದ್ದ ಷಡಕ್ಷರಪ್ಪನ ಕಡೆ ತಿರುಗಿದ. “ಬುದ್ದೀ, ಮೀಸೆ ಬರೋಕ್ ಮುಂಚ್ಲಿಂದ ನಿಮ್ ಕಾಯೇ ಸುಲೀತಿವ್ನಿ. ನೀವಾದ್ರೂ ಒಂದ್ ಮಾತ್ ಯೋಳಿ.”

ಷಡಕ್ಷರಪ್ಪ ಕೊರಳ ಹಾರ ಸರಿಮಾಡಿಕೊಂಡ. “ನಂಗೇನ್ ಗೊತ್ತಪ್ಪ? ಮಂಡಿಗೆ ಎಷ್ಟೋ ಜನ ಬತ್ತಾರೆ, ಹೋಗ್ತಾರೆ. ಓದಿರೋರು ಹೇಳ್ತಾವ್ರೆ, ಕೇಳ್ಬೇಕು.”

ಜವರಪ್ಪನ ಮೈಯೆಲ್ಲ ಉರಿದುಹೋಯಿತು. ಇವನ ಕಾಯಿ ಸುಲಿದೇ ಕೈಗೆರೆ ಸವೆಸಿಕೊಂಡೆನಲ್ಲ ಅನ್ನಿಸಿತು. ಶಶಿಧರ್ “ನಡಿಯಲೇ ಠಾಣೆಗೆ” ಎಂದು ರಟ್ಟೆ ಹಿಡಿದ. ಜವರಪ್ಪ ಕೊಸರಿಕೊಂಡವನೇ ಬೆರಳಚ್ಚಿಗೆಂದು ಮೇಜಿನ ಮೇಲೆ ಮಸಿ ಬಳಿದಿಟ್ಟಿದ್ದ ಗಾಜಿನ ಮೇಲೆ ಎರಡೂ ಅಂಗೈ ಊರಿದ. ನೇರ ಹೋಗಿ ಷಡಕ್ಷರಪ್ಪನ ಬಿಳಿ ಜುಬ್ಬದ ಎದೆಗೆ ಒತ್ತಿದ.

“ಹುಡುಕ್ಲಾ ಗೆರೇನ! ನಿನ್ ಮಂಡೀಲೇ ಅವೆ. ವಾಪಸ್ ಕೊಡ್ಲಾ, ಸೂಳೆಮಗನೆ!”

ಬೆನ್ನಿನ ಮೇಲೆ ಲಾಠಿ ಬಿತ್ತು. ಜವರಪ್ಪ ಕೈ ತೆಗೆಯಲಿಲ್ಲ.