ಮೊದಲನೇ ಪೀರಿಯಡ್

ದಸರಾ ರಜೆಗೆ ಇನ್ನೊಂದೇ ದಿನ ಬಾಕಿ. ಕರಿಕಟ್ಟೆಯ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಗರತ್ನ ಮೇಡಂ ಕುರ್ಚಿ ಹತ್ತಿ ನಿಂತು ಗೋಡೆಗೆ ದೊಡ್ಡದೊಂದು ಹಾಳೆ ಅಂಟಿಸುತ್ತಿದ್ದರು. ಕೆಳಗೆ ನಾಲ್ಕು ಮತ್ತು ಐದನೇ ತರಗತಿಯ ಹದಿನಾಲ್ಕು ಮಕ್ಕಳು ಕತ್ತೆತ್ತಿ ಒಂದೇ ಸ್ವರದಲ್ಲಿ ಓದುತ್ತಿದ್ದರು. ‘ರಜೆ ಮುಗಿದ ಮೇಲೆ ನಾವು ಕಲಿಯುವುದು: ಭಿನ್ನರಾಶಿ. ಗಡಿಯಾರ ನೋಡುವುದು. ನಮ್ಮೂರಿನ ನಕ್ಷೆ ಬರೆಯುವುದು. ಅಜ್ಜಿಗೆ ಪತ್ರ ಬರೆಯುವುದು.’

“ನಮ್ಮಜ್ಜಿಗೆ ಓದಾಕೇ ಬರಲ್ಲ ಮೇಡಂ,” ಎಂದ ಪ್ರದೀಪ.

“ಹಾಗಾದರೆ ಬರೆದು ನೀನೇ ಓದಿ ಹೇಳು,” ಎಂದು ಮೇಡಂ ಕೆಳಗಿಳಿದರು.

ಬಾಗಿಲಲ್ಲಿ ಪ್ರದೀಪನ ಮತ್ತು ಅವನ ಅಕ್ಕ ಚೈತ್ರಾಳ ಅಪ್ಪ ಗೋಣೆಪ್ಪ ನಿಂತಿದ್ದ. ಚಪ್ಪಲಿ ಹೊರಗೆ ಬಿಟ್ಟು, ಹೆಗಲ ಟವೆಲನ್ನು ಕೈಗೆ ತೆಗೆದುಕೊಂಡು, ಹೇಗೆ ಶುರುಮಾಡಲಿ ಎಂದು ಯೋಚಿಸುವವನಂತೆ ಕಂಡ.

“ಮೇಡಂನೋರೆ, ಆ ಪಾಠಕ್ಕೆಲ್ಲ ನಮ್ಮ ಚೈತ್ರನ್ನ ಹಿಡೀಬ್ಯಾಡ್ರಿ. ಹಬ್ಬ ಮುಗಿದ ಮ್ಯಾಲೆ ಕುರಿ ಹೊಡ್ಕಂಡು ಹೊನ್ನಾಳಿ ಕಡೆ ಹೋಗ್ತೀನಿ, ಗೊಬ್ಬರಕ್ಕೆ ಗದ್ದೆಯಾಗೆ ಮಂದೆ ನಿಲ್ಲಿಸಾಕೆ. ಮರಿ ನೋಡಾಕೆ, ಮುದ್ದೆ ಬೇಯಿಸಾಕೆ ಇವಳು ಬರ್ತಾಳೆ. ಯುಗಾದಿಗೆ ವಾಪಸ್ ಬರ್ತೀವಿ.”

“ಯುಗಾದಿ ಹೊತ್ತಿಗೆ ವರ್ಷವೇ ಮುಗಿದಿರುತ್ತೆ ಗೋಣೆಪ್ಪ. ಮುಂದಿನ ವರ್ಷ ಬಿಳಿಚೋಡಿಗೆ ಆರನೇ ಕ್ಲಾಸಿಗೆ ಹೋಗಬೇಕಾದ ಹುಡುಗಿ ಇವಳು.”

“ಹೋಗಿ ಏನ್ ಮಾಡ್ತಾಳ್ರಿ? ಲೆಕ್ಕ ತಲೆಗೆ ಹತ್ತಲ್ಲ. ಪ್ರದೀಪ ಇವಳಿಗಿಂತ ಒಂದು ವರ್ಷ ಚಿಕ್ಕೋನು. ಒಂದೇ ಮನಿ, ಒಂದೇ ಮುದ್ದೆ, ಒಂದೇ ಮೇಡಂ. ಅವನು ಪಟಪಟ ಮಾಡ್ತಾನೆ. ಇವಳು ಕಲ್ಲು ನಿಂತಂಗೆ ನಿಂತ್ಕಂತಾಳೆ. ಬೇಕಾದ್ರೆ ನೀವೇ ಕೇಳಿ ನೋಡ್ರಿ.”

ಗೋಣೆಪ್ಪ ಕೆಟ್ಟವನಲ್ಲ. ಇದೇ ಮಗಳಿಗೆ ಜ್ವರ ಬಂದಾಗ ಹೆಗಲ ಮೇಲೆ ಹೊತ್ತುಕೊಂಡು ಬಿಳಿಚೋಡಿನ ಆಸ್ಪತ್ರೆ ತನಕ ನಡೆದವನು. ಆಗದ ವಿದ್ಯೆಗೆ ಮಗುವನ್ನು ಯಾಕೆ ಗೋಳಾಡಿಸಬೇಕು ಎಂಬುದಷ್ಟೇ ಅವನ ನ್ಯಾಯ.

ನಾಗರತ್ನ ಬೋರ್ಡಿನ ಎರಡೂ ಬದಿಯಲ್ಲಿ ಒಂದೇ ಲೆಕ್ಕ ಬರೆದರು. ಒಂಬೈನೂರ ಮೂವತ್ತಾರನ್ನು ಎಂಟರಿಂದ ಭಾಗಿಸಬೇಕು. ಪ್ರದೀಪ ಚಾಕ್‌ಪೀಸು ಹಿಡಿದು ನೂರ ಹದಿನೇಳು ಎಂದು ಬರೆದು, ಕೈ ಒರೆಸಿಕೊಂಡು ಬಂದು ಕೂತ. ಚೈತ್ರಾ ಎಂಟೊಂದ್ಲಿ ಎಂಟು ಎಂದು ಒಂದನ್ನು ಬರೆದಳು. ಅಲ್ಲಿಗೆ ನಿಂತಳು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

“ನೋಡಿದ್ರಾ?” ಎಂದ ಗೋಣೆಪ್ಪ. ಅವನ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ, ಬೇಸರವಿತ್ತು.

ಮೇಡಂಗೆ ಸಿಟ್ಟು ಬಂತು. “ಒಂದೂವರೆ ತಿಂಗಳು ಇದನ್ನೇ ಹೇಳಿಕೊಟ್ಟೆನಲ್ಲೇ! ಆಗ ಎಲ್ಲಿತ್ತು ನಿನ್ನ ಗಮನ?”

“ನಾನು ಒಳಗೆ ಇರ್ತಿರ್ಲಿಲ್ಲ ಮೇಡಂ.”

“ಸುಳ್ಳು ಹೇಳಬೇಡ. ಹಾಜರಿಯಲ್ಲಿ ಒಂದು ದಿನವೂ ನೀನು ತಪ್ಪಿಸಿಲ್ಲ.”

“ಹಾಜರಿಗೆ ಇರ್ತಿದ್ದೆ. ಆಮೇಲೆ ನೀವು ನಮ್ಮ ಕ್ಲಾಸಿನ ಹುಡುಗೀರನ್ನ ಗುಡಿಸಾಕೆ ಕಳಿಸ್ತಿದ್ರಿ.” ಚೈತ್ರಾ ದೂರು ಹೇಳುತ್ತಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಅಷ್ಟೇ. “ಅಂಗಳ ಗುಡಿಸಿ, ಆಫೀಸ್ ರೂಮ್ ಗುಡಿಸಿ, ಕುಡಿಯೋ ನೀರು ತುಂಬಿಸಿ ಬರೋ ಹೊತ್ತಿಗೆ ಬೋರ್ಡ್ ಮ್ಯಾಲೆ ಲೆಕ್ಕ ಮುಗಿದಿರ್ತಿತ್ತು. ನೋಡಿ ಬರ್ಕಂತಿದ್ವಿ.”

ಮೇಡಂ ಅವಳ ನೋಟ್‌ಬುಕ್ ತೆಗೆಸಿದರು. ಪುಟ ಪುಟವೂ ಮುತ್ತಿನಂಥ ಅಕ್ಷರ, ಪ್ರತಿ ಉತ್ತರವೂ ಸರಿ, ಪ್ರತಿ ಪುಟದ ಕೊನೆಗೂ ಕೆಂಪು ಶಾಯಿಯಲ್ಲಿ ‘ಉತ್ತಮ’. ಬರೆದವರು ತಾವೇ. ಐದನೇ ತರಗತಿಯ ಉಳಿದ ಮೂವರು ಹುಡುಗಿಯರ ನೋಟ್‌ಬುಕ್ಕುಗಳೂ ಹೀಗೇ ಇದ್ದವು. ಕರೆದು ಬೋರ್ಡಿನ ಮುಂದೆ ನಿಲ್ಲಿಸಿದರೆ ಒಬ್ಬಳಿಗೂ ಭಾಗಾಕಾರ ಬರಲಿಲ್ಲ.

ನಾಗರತ್ನ ಕುರ್ಚಿಯ ಮೇಲೆ ಕೂತುಬಿಟ್ಟರು. ಬೆಳಿಗ್ಗೆ ತಲೆ ಚುರುಕಾಗಿರುತ್ತದೆಂದು ಗಣಿತವನ್ನು ಮೊದಲನೇ ಪೀರಿಯಡ್ಡಿಗೆ ಇಟ್ಟವರು ಅವರೇ. ಹುಡುಗರು ಧೂಳೆಬ್ಬಿಸುತ್ತಾರೆ, ಹುಡುಗಿಯರಾದರೆ ನೀಟಾಗಿ ಗುಡಿಸುತ್ತಾರೆಂದು ಕಸಬರಿಗೆ ಕೊಟ್ಟವರೂ ಅವರೇ. “ನನ್ನ ಬಂಗಾರದ ಹುಡುಗೀರು” ಎಂದು ಬೆನ್ನು ತಟ್ಟಿ ಕಳಿಸುತ್ತಿದ್ದರು ಬೇರೆ! ತಾಲ್ಲೂಕಿನಿಂದ ಬಂದವರು ಶಾಲೆ ಎಷ್ಟು ಚೊಕ್ಕಟವಾಗಿದೆ ಎಂದಾಗ ಹಿಗ್ಗಿಹೋಗಿದ್ದರು. ಇಪ್ಪತ್ತೊಂದು ವರ್ಷದ ಮೇಷ್ಟರಿಕೆಯಲ್ಲಿ ಇಷ್ಟು ನಾಚಿಕೆ ಅವರಿಗೆ ಯಾವತ್ತೂ ಆಗಿರಲಿಲ್ಲ.

“ಗೋಣೆಪ್ಪ, ತಪ್ಪು ನನ್ನದು,” ಎಂದರು, ಮಕ್ಕಳೆಲ್ಲ ಕೇಳುವಂತೆ. “ಇವಳು ದಡ್ಡಿಯಲ್ಲ. ಇವಳಿಗೆ ಯಾರೂ ಹೇಳಿಕೊಟ್ಟಿಲ್ಲ. ಈ ರಜೆ ನನಗೆ ಕೊಡಿ. ಶಾಲೆ ಮತ್ತೆ ಶುರುವಾಗುವ ದಿನ ಬನ್ನಿ. ನಿಮ್ಮ ಮುಂದೆಯೇ ಲೆಕ್ಕ ಕೊಡುತ್ತೇನೆ. ಬರದಿದ್ದರೆ ಕರೆದುಕೊಂಡು ಹೋಗಿ, ನಾನು ಅಡ್ಡ ಬರುವುದಿಲ್ಲ.”

ಗೋಣೆಪ್ಪ ತಲೆ ಕೆರೆದುಕೊಂಡ. “ಗುಡಿಸೋದು ಹೆಣ್ಮಕ್ಕಳ ಕೆಲಸನೇ ಬಿಡ್ರಿ, ಅದ್ರಾಗೇನೈತೆ ತಪ್ಪು? ಆದ್ರೂ ನೀವು ಇಷ್ಟು ಕೇಳ್ತೀರಿ ಅಂದ್ರೆ ಸಾಲಿ ಶುರುವಾಗೋ ತನಕ ಇರ್ತೀನಿ. ಆಮೇಲೆ ಒಂದು ದಿನಾನೂ ಆಗಲ್ಲ. ಅಲ್ಲಿ ಗದ್ದೆಯೋರು ಕಾಯ್ತಿರ್ತಾರೆ.”

ಅವನು ಹೋದ ಮೇಲೆ ನಾಗರತ್ನ ಮತ್ತೆ ಕುರ್ಚಿ ಹತ್ತಿದರು. ಹಾಳೆಯ ತುದಿಯಲ್ಲಿ, ಭಿನ್ನರಾಶಿಗೂ ಮೇಲೆ, ಉಳಿದಿದ್ದ ಜಾಗದಲ್ಲಿ ಸ್ಕೆಚ್ ಪೆನ್ನಿನಿಂದ ಬರೆದರು: ‘ಗುಡಿಸುವುದು. ಎಲ್ಲರೂ, ಸರದಿಯ ಮೇಲೆ, ಹಾಜರಿಗೆ ಮುಂಚೆ.’ ಹುಡುಗರು ಮುಖ ಮುಖ ನೋಡಿಕೊಂಡರು.

ರಜೆಯಲ್ಲಿ ಜಗಳೂರಿನ ಮೊದಲ ಬಸ್ಸಿಗೆ ನಾಗರತ್ನ ಬಂದೇ ಬಂದರು. ಮನೆಯಲ್ಲಿ ಗಂಡ “ರಜೆ ಯಾರಿಗೆ ಕೊಟ್ಟಿದ್ದಾರೆ ಅಂತ ಒಮ್ಮೆ ಕೇಳಿಕೊಂಡು ಬಾ” ಎಂದು ರೇಗಿಸಿದರೂ ಬಂದರು. ಬಸ್ಸು ಕೈಕೊಟ್ಟ ದಿನ ಕ್ರಾಸಿನಿಂದ ನಡೆದರು. ಶಾಲೆಯ ಜಗಲಿಯಲ್ಲಿ ನಾಲ್ಕು ಹುಡುಗಿಯರು, ಒಂದು ಕಪ್ಪು ಹಲಗೆ, ಒಂದು ಬುಟ್ಟಿ ಬೆಣಚುಕಲ್ಲು. ಮೊದಲ ನಾಲ್ಕು ದಿನ ಚೈತ್ರಾ ಹಳೇ ಜಾಗದಲ್ಲೇ ನಿಲ್ಲುತ್ತಿದ್ದಳು. ಭಾಗಿಸಿ ಉಳಿದದ್ದನ್ನು ಏನು ಮಾಡಬೇಕೆಂಬುದೇ ಅವಳಿಗೆ ತಿಳಿಯುತ್ತಿರಲಿಲ್ಲ. ಐದನೇ ದಿನ ಕಲ್ಲುಗಳನ್ನು ಸರಿಸುತ್ತಾ ಸರಿಸುತ್ತಾ ತಟ್ಟನೆ ತಲೆ ಎತ್ತಿದಳು.

“ಮೇಡಂ, ಉಳಿದ ಕುರಿ ಮುಂದಿನ ಗುಂಪಿನ ಜೊತೆ ಸೇರ್ಕಂಡು ಹೋಗ್ತಾವಲ್ಲ, ಹಂಗಾ?”

“ಹಂಗೇ ಕಣೇ! ಹಂಗೇ!” ನಾಗರತ್ನರಿಗೆ ಕಣ್ಣು ತುಂಬಿ ಬಂತು. ಅದನ್ನವರು ಮುಚ್ಚಿಡಲೂ ಇಲ್ಲ.

ಶಾಲೆ ಶುರುವಾದ ದಿನ ಅಂಗಳದ ತುಂಬ ಬೇವಿನ ಎಲೆ. ಸರದಿಯ ಮೊದಲ ಹೆಸರು ಪ್ರದೀಪನದು. ಅವನು ಕಸಬರಿಗೆಯನ್ನು ಕ್ರಿಕೆಟ್ ಬ್ಯಾಟಿನಂತೆ ಹಿಡಿದು ಎಲೆಗಳನ್ನು ಅತ್ತಿಂದಿತ್ತ ಚೆಲ್ಲಾಡುತ್ತಿದ್ದ. ಗೋಣೆಪ್ಪ ಹೊರಡುವ ತಯಾರಿಯಲ್ಲೇ ಬಂದಿದ್ದ. ಕಂಬಳಿ ಹೆಗಲ ಮೇಲಿತ್ತು. ಜೊತೆಗೆ ಅವನ ತಾಯಿ ಸಾವಂತ್ರಮ್ಮ, ಮೊಮ್ಮಗಳ ಬಟ್ಟೆಯ ಗಂಟು ಹಿಡಿದುಕೊಂಡು.

ಮೊಮ್ಮಗನನ್ನು ಕಂಡದ್ದೇ ಸಾವಂತ್ರಮ್ಮ ಗಂಟು ಕೆಳಗೆ ಹಾಕಿ, ಕಸಬರಿಗೆ ಕಿತ್ತುಕೊಂಡಳು.

“ಗಂಡು ಹುಡುಗನ ಕೈಗೆ ಕಸಬರಿಗೆ! ನಿಮಗೆ ಬುದ್ಧಿ ಐತೇನ್ರಿ ಮೇಡಂ? ಮನ್ಯಾಗೆ ತಟ್ಟೆ ಎತ್ತಿಡಾಕೂ ಬಿಟ್ಟಿಲ್ಲ ನಾನು ಇವನಿಗೆ. ಓದಾಕೆ ಕಳಿಸಿದ್ರೆ ಗುಡಿಸಾಕೆ ಹಚ್ಚೀರಲ್ಲ!”

“ಚೈತ್ರಾನನ್ನೂ ಓದೋದಕ್ಕೇ ಕಳಿಸಿದ್ದಿರಿ ಅಲ್ಲವಾ ಅಮ್ಮಾ?” ಎಂದರು ನಾಗರತ್ನ.

ಸಾವಂತ್ರಮ್ಮ ಕಸಬರಿಗೆಯನ್ನು ಮೊಮ್ಮಗನ ಕೈಗೆ ಸಿಗದಂತೆ ಬೆನ್ನ ಹಿಂದೆ ಹಿಡಿದಳು.

“ಅದೆಲ್ಲ ಆಮೇಲೆ,” ಎಂದ ಗೋಣೆಪ್ಪ. “ಲೆಕ್ಕ ಕೊಡ್ರಿ. ನೋಡ್ಕಂಡು ಹೊರಡ್ತೀವಿ.”

ನಾಗರತ್ನ ಸುಲಭದ ಲೆಕ್ಕ ಕೊಡಲಿಲ್ಲ. ಐದು ಸಾವಿರದ ನೂರ ನಲವತ್ತೆಂಟನ್ನು ಆರರಿಂದ ಭಾಗಿಸು ಎಂದು ಒಳಗಿನ ಬೋರ್ಡಿನ ಮೇಲೆ ಬರೆದು, ದೂರ ಸರಿದು ನಿಂತರು. ಚೈತ್ರಾ ಚಾಕ್‌ಪೀಸು ತೆಗೆದುಕೊಂಡಳು. ಮೊದಲ ಅಂಕಿ ಬರೆದಳು. ಉಳಿದದ್ದರ ಪಕ್ಕ ಮುಂದಿನ ಅಂಕಿ ಇಳಿಸಿದಳು. ಮಧ್ಯೆ ಒಮ್ಮೆ ತಪ್ಪಿದಳು, ಅಂಗೈಯಿಂದ ಅಳಿಸಿದಳು, ಮತ್ತೆ ಬರೆದಳು. ಬಾಗಿಲಲ್ಲಿ ನಿಂತ ಅಪ್ಪ, ಅಜ್ಜಿ ಇಬ್ಬರೂ ಬೋರ್ಡನ್ನೇ ನೋಡುತ್ತಿದ್ದರು. ಎಂಟುನೂರ ಐವತ್ತೆಂಟು ಎಂದು ಬರೆದು ಅವಳು ಚಾಕ್‌ಪೀಸು ಕೆಳಗಿಟ್ಟಳು.

“ಸರಿ ಐತೇನೋ?” ಗೋಣೆಪ್ಪ ಮಗನನ್ನು ಕೇಳಿದ.

ಪ್ರದೀಪ ಅಂಗಳದ ಧೂಳಿನಲ್ಲೇ ಕೂತು ಬೆರಳಿಂದ ಬರೆದು ಗುಣಿಸಿ ನೋಡಿದ. “ಸರಿ ಐತಪ್ಪ. ನಂಗಿನ್ನೂ ಇಷ್ಟು ದೊಡ್ಡದು ಬರಲ್ಲ.”

ಸಾವಂತ್ರಮ್ಮ ಕೈಯಲ್ಲಿದ್ದ ಕಸಬರಿಗೆಯನ್ನೇ ನೋಡುತ್ತಿದ್ದಳು.

“ನಾನೂ ಮೂರು ವರ್ಷ ಬಂದಿದ್ದೆ ಈ ಸಾಲಿಗೆ,” ಎಂದಳು, ಯಾರನ್ನೂ ನೋಡದೆ. “ಅಂಗಳ ಗುಡಿಸೋದು, ಮೇಷ್ಟ್ರ ಮನಿಗೆ ನೀರು ಹೊರೋದು, ಅವರ ಕೂಸು ಎತ್ಕಣಾದು. ಆಮೇಲೆ ಓದು ಹತ್ತಲಿಲ್ಲ ಅಂತ ನಮ್ಮಪ್ಪ ಬಿಡಿಸಿದ. ಇಷ್ಟು ವರ್ಷ ನಾನೂ ಹಂಗೇ ಅನ್ಕಂಡಿದ್ದೆ ಮೇಡಂ. ನಾನು ದಡ್ಡಿ ಅಂತ.”

ಸಾವಂತ್ರಮ್ಮ ಮೊಮ್ಮಗನ ಹತ್ತಿರ ಹೋಗಿ ಕಸಬರಿಗೆಯನ್ನು ಅವನ ಕೈಗಿಟ್ಟಳು. “ಹಂಗೆ ಬೀಸ್ತಾರೇನೋ? ಬಗ್ಗಿ ಗುಡಿಸು. ಮೂಲೆ ಬಿಡಬ್ಯಾಡ.”

ಗೋಣೆಪ್ಪ ಬಟ್ಟೆಯ ಗಂಟನ್ನು ನೆಲದಿಂದೆತ್ತಿ, ಧೂಳು ಕೊಡವಿ, ಮಗಳ ಬೆಂಚಿನ ಮೇಲಿಟ್ಟ. “ಮನಿಗೆ ತಗಂಡು ಹೋಗವ್ವ ಸಂಜಿಕೆ. ಮುದ್ದೆ ತಿರುವಾಕೆ ನಂಗೂ ಎರಡು ಕೈ ಅದಾವೆ.”

ಅಷ್ಟು ಹೇಳಿ, ಕಂಬಳಿ ಸರಿಮಾಡಿಕೊಂಡು ಕುರಿಗಳ ಕಡೆ ನಡೆದ. ಹಾಜರಿಯ ಗಂಟೆ ಹೊಡೆಯಿತು. ಮಕ್ಕಳೆಲ್ಲ ಒಳಗೆ ಬಂದು ಕೂತರೂ ಸಾವಂತ್ರಮ್ಮ ಮಾತ್ರ ಹೊರಡಲಿಲ್ಲ. ಹೊಸ್ತಿಲ ಪಕ್ಕದ ಗೋಡೆಗೆ ಒರಗಿ ಕಾಲು ಚಾಚಿ ಕೂತುಕೊಂಡಳು.

“ಇನ್ನೊಂದು ಲೆಕ್ಕ ಮಾಡವ್ವ ಚೈತ್ರಾ,” ಎಂದಳು. “ಮೊದಲಿಂದ ಮಾಡು. ನಾನು ನೋಡ್ತೀನಿ.”