ಪ್ರಾಣವಾಯುವಿನ ಬಣ್ಣ

ಗುಳ್ಳೆ, ಮತ್ತೊಂದು ಗುಳ್ಳೆ — ಆಮ್ಲಜನಕದ ಸಿಲಿಂಡರಿಗೆ ಸಿಕ್ಕಿಸಿದ ನೀರಿನ ಸೀಸೆಯೊಳಗೆ ಅವು ಏಳುತ್ತಲೇ ಇದ್ದವು, ಭೂಮಿಕಾಳ ಕಣ್ಣು ಸೀಸೆಯಿಂದ ಅಕ್ಕನ ಕೂಸಿನ ಉಗುರಿಗೆ, ಉಗುರಿನಿಂದ ಮತ್ತೆ ಸೀಸೆಗೆ, ಇನ್ನೂ ನೀಲಿ, ಬೆಳಿಗ್ಗೆ ಕುಣಿಗಲ್ಲಿನಲ್ಲಿ ಹುಟ್ಟಿದಾಗ ಅಳಲಿಲ್ಲ, ಅಕ್ಕ ಅಲ್ಲಿನ ಆಸ್ಪತ್ರೆಯಲ್ಲೇ ಉಳಿದಳು, ತುಮಕೂರಿನ ಈ ನರ್ಸಿಂಗ್ ಹೋಮ್ ತಲುಪುವವರೆಗೂ ವ್ಯಾನಿನಲ್ಲಿ ಮಾಸ್ಕ್ ಹಿಡಿದವಳು ಭೂಮಿಕಾಳೇ, ಏನ್ಲೇ ಭೂಮಿ, ಬೆಂಕಿನೇ ಇಲ್ದೆ ಅದೆಂಗೆ ಕುದೀತೈತೆ ಆ ನೀರು, ಅಜ್ಜಿ ಹನುಮಂತಮ್ಮ ಕೇಳುತ್ತಾಳೆ, ಕುದೀತಿಲ್ಲ ಕಣಜ್ಜಿ, ಅದು ಗಾಳಿ, ಗಾಳಿನಾ, ನಮ್ಮ ಹಾಗಲವಾಡೀಲಿ ಬಿಟ್ಟಿ ಸಿಕ್ತದೆ ಬುಡು — ನಗು ಬಂತು, ಬಂದದ್ದಕ್ಕೆ ನಾಚಿಕೆಯೂ ಆಯಿತು. ಗಾಳಿಯೇ, ಬಣ್ಣವಿಲ್ಲದ್ದು, ಆದರೆ ಅವಳು ಅದರ ಬಣ್ಣವನ್ನು ಕಂಡಿದ್ದಾಳೆ, ಹೋದ ವರ್ಷ, ಎರಡು ಸಾವಿರದ ಆರರ ಬೇಸಿಗೆಯಲ್ಲಿ, ತಾನು ಸಂಶೋಧನೆ ಮಾಡುವ ಬೆಂಗಳೂರಿನ ಪ್ರಯೋಗಾಲಯದಲ್ಲಿ, ಎರಡು ವಜ್ರಗಳ ತುದಿಗಳ ನಡುವೆ ಇದೇ ಆಮ್ಲಜನಕವನ್ನು ಒತ್ತುತ್ತ ಹೋದಂತೆ ಅದು ಹರಳಾಯಿತು, ಹರಳು ಕಿತ್ತಳೆಗೆ ತಿರುಗಿತು, ಹೊರಗಿನ ಒತ್ತಡದ ಲಕ್ಷ ಪಟ್ಟು ದಾಟುವಷ್ಟರಲ್ಲಿ ಸೂಕ್ಷ್ಮದರ್ಶಕದಲ್ಲಿ ಒಂದು ಕೆಂಪು ಚುಕ್ಕೆ, ಜೋಡಿಯಾಗಿ ಅಲೆಯುತ್ತಿದ್ದ ಪರಮಾಣುಗಳು ನಾಲ್ಕು ಜೋಡಿ ಕೂಡಿ ಎಂಟರ ಗುಂಪಾಗಿದ್ದವು, ಅವುಗಳ ಒಂಟಿ ಎಲೆಕ್ಟ್ರಾನುಗಳು ಪಕ್ಕದವುಗಳೊಡನೆ ಜೊತೆಗೂಡಿ ಕಾಂತಗುಣವನ್ನೇ ತೊರೆದಿದ್ದವು, ಇನ್ನೂ ಒತ್ತಿದರೆ ಲೋಹವೇ ಆಗ್ತದಮ್ಮ ಎಂದಿದ್ದರು ಮೇಷ್ಟ್ರು, ಇನ್ನೂ ಒತ್ತಿದರೆ, ಇನ್ನೂ — ಕೈ ತಾನಾಗಿಯೇ ಸಿಲಿಂಡರಿನ ತಿರುಪಿಗೆ ಹೋಗಿದೆ, ಅಯ್ಯೋ ಮೇಡಂ, ಮುಟ್ಬೇಡಿ, ನರ್ಸ್ ಉಮಾಮಹೇಶ್ವರಿ ಓಡಿಬಂದರು, ತಿಂಗಳು ತುಂಬೋ ಮೊದಲೇ ಹುಟ್ಟಿದ ಕೂಸು ಇದು, ಜಾಸ್ತಿ ಬಿಟ್ರೆ ಕಣ್ಣಿಗೇ ಅಪಾಯ, ಇಷ್ಟು ಸಾಕು. ಇಷ್ಟು ಸಾಕು. ಎಲ್ಲವನ್ನೂ ಅಳೆದು ಸುರಿಯುವ ತಾನು ಅಳತೆ ಮರೆತದ್ದು ಈ ಒಂದು ಗಳಿಗೆ, ಆ ಗಳಿಗೆಯಲ್ಲಿ ತಾಯಿಯಂಥ ಈ ನರ್ಸ್ ಇಲ್ಲಿದ್ದರು, ಹೆಬ್ಬೂರಿನ ಸಂತೆಯ ಜನದಲ್ಲಿ ಹಾರನ್ ಒತ್ತುತ್ತ ದಾರಿ ಬಿಡಿಸಿಕೊಂಡ ಡ್ರೈವರ್ ರಂಗರಾಜು ಇದ್ದ, ನಗಿಸಲು ಅಜ್ಜಿ ಇದ್ದಾಳೆ, ಮತ್ತು ಈ ಅನಿಲ, ಯಾವ ಗುಂಪಿಗೂ ಸೇರದೆ, ಕಲ್ಲಾಗದೆ, ತನ್ನ ಒಂಟಿ ಎಲೆಕ್ಟ್ರಾನುಗಳನ್ನು ಹೊತ್ತು ಅಂಗೈಯಗಲದ ಎದೆಯೊಳಗೆ ಮೆತ್ತಗೆ ಇಳಿಯುತ್ತಿದೆ, ಇದಕ್ಕೆಲ್ಲ ಯಾರಿಗೆ ಕೈ ಮುಗಿಯಬೇಕು, ಯಾರಿಗೆ ಮೊದಲು — ಲೇ, ನೋಡೇ ಇಲ್ಲಿ, ಒದೀತವ್ನೆ ಕಣೇ ಕಳ್ಳ, ಅಜ್ಜಿ ಬಟ್ಟೆ ಸರಿಸಿದಳು, ಉಗುರಿನ ನೀಲಿ ಎಲ್ಲಿ ಹೋಯಿತು, ಹೆಬ್ಬೆರಳಷ್ಟಿಲ್ಲದ ಅಂಗಾಲು, ಅದರ ಹಿಮ್ಮಡಿ, ಕೆಂಪು, ಕೆಂಪು —