ತಿರುವಿನ ಸದ್ದು

ಮೂರನೆಯ ಬೋಲ್ಟೂ ಮುರಿಯಿತು. ಬಾನೆಟ್ಟಿನ ಕೆಳಗೆ ತಲೆ ತೂರಿಸಿದ್ದ ಮೆಕ್ಯಾನಿಕ್ ನಜೀರ್ ಏನೂ ಹೇಳದೆ ತುಂಡನ್ನು ತಗಡಿನ ಡಬ್ಬಿಗೆ ಎಸೆದ. ಅದು ಠಣ್ ಎಂದದ್ದು ತನ್ನನ್ನು ಅಣಕಿಸಲಿಕ್ಕೇ ಎಂದು ನಟರಾಜ್‌ಗೆ ಅನ್ನಿಸಿತು.

"ನಿಧಾನ ಅಂತ ಹೇಳಿರಲಿಲ್ವಾ ನಿಂಗೆ?"

"ನಿಧಾನವಾಗೇ ತಿರುಗ್ಸಿದ್ದು ಸಾರ್. ಬೀಡುಕಬ್ಣ, ಬೋಲ್ಟು ಎರಡೂ ತುಕ್ಕು ಹಿಡ್ದು ಒಂದಾಗ್ಬುಟ್ಟವೆ. ಬಿಡ್ಸಕ್ಕೆ ಹೋದ್ರೆ ಮುರೀತವೆ."

ಸಕಲೇಶಪುರದ ಕಾಲೇಜಿನಲ್ಲಿ ನಟರಾಜ್ ಅರ್ಥಶಾಸ್ತ್ರ ಕಲಿಸುತ್ತಿದ್ದ. ಅವನ ತರಗತಿಯಲ್ಲಿ ಯಾರೂ ಪ್ರಶ್ನೆ ಕೇಳುತ್ತಿರಲಿಲ್ಲ. ಪಾಠ ಅಷ್ಟು ಸ್ಪಷ್ಟವಾಗಿರುತ್ತದೆ ಎಂದು ಅವನು ನಂಬಿದ್ದ. ನಜೀರನ ಮೌನವನ್ನು ಮಾತ್ರ ಕೊಬ್ಬು ಎಂದುಕೊಂಡ.

ಕಾರನ್ನು ಅವನು ಮದುವೆಗೆ ಮುಂಚೆಯೇ, ಎಸ್ಟೇಟ್ ಮಾರಿ ಹೊರಟಿದ್ದ ಮುದಿ ಪ್ಲಾಂಟರೊಬ್ಬನಿಂದ ಕೊಂಡಿದ್ದ. ಹೊರದೇಶದ ಹಳೆಯ ಸ್ಪೋರ್ಟ್ಸ್ ಕಾರು. ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು, ಕಡುಹಸಿರು ಬಣ್ಣ, ಇರುವುದೇ ಎರಡು ಸೀಟು. ಇಂಜಿನ್ನಿನ ಹೊಗೆಯನ್ನೆಲ್ಲ ಒಟ್ಟುಮಾಡಿ ಸೈಲೆನ್ಸರಿಗೆ ದಾಟಿಸುವ ಬೀಡುಕಬ್ಬಿಣದ ಮ್ಯಾನಿಫೋಲ್ಡ್ ಬಿರುಕು ಬಿಟ್ಟು ಎಷ್ಟೋ ವರ್ಷವಾಗಿತ್ತು. ಒಂದು ಕಡೆ ಬೆಸುಗೆ ಹಾಕಿಸಿದರೆ ಪಕ್ಕದಲ್ಲಿ ಬಾಯಿ ಬಿಡುತ್ತಿತ್ತು. ಪಟ್ ಪಟ್ ಪಟ್ ಎಂಬ ಸದ್ದು ಹೊರಗೆ ಗುಡ್ಡಕ್ಕೆಲ್ಲ ಕೇಳುತ್ತಿತ್ತು, ಹೊಗೆ ಒಳಗೆ ನುಗ್ಗುತ್ತಿತ್ತು.

ಆ ಹೊಗೆ ಹೆಂಡತಿ ಚೈತ್ರಶ್ರೀಗೆ ಒಳ್ಳೆಯ ನೆಪವಾಯಿತು. ತಲೆನೋವು ಬರುತ್ತದೆ ಎಂದು ಒಂದು ದಿನ ಕಾರು ಹತ್ತಲಿಲ್ಲ. ಆಮೇಲೆ ಹತ್ತಲೇ ಇಲ್ಲ. ಪೇಟೆಗೆ ಹೋಗುವುದಿದ್ದರೆ ಬೆಳಗೋಡಿಗೆ ನಡೆದುಹೋಗಿ ಬಸ್ಸು ಹಿಡಿಯುತ್ತಿದ್ದಳು. ಒಂದೇ ಮದುವೆಮನೆಗೆ ಗಂಡ ಕಾರಿನಲ್ಲಿ, ಹೆಂಡತಿ ಬಸ್ಸಿನಲ್ಲಿ ಬಂದಿಳಿದದ್ದು ನೋಡಿ ಊರು ಆಡಿಕೊಂಡು ನಕ್ಕಿತ್ತು. ಊರು ನಕ್ಕಿದ್ದಾದರೂ ಹೋಗಲಿ. ಅವಳಿಗೆ ಅದರಿಂದ ನಾಚಿಕೆಯೇ ಆಗಲಿಲ್ಲ ಎಂಬುದು ಅವನ ಹೊಟ್ಟೆಯಲ್ಲಿ ಕೆಂಡವಾಗಿ ಉಳಿದಿತ್ತು.

ಈಗ ಕೊಯಮತ್ತೂರಿಗೆ ಅಳತೆ ಕಳಿಸಿ ಸ್ಟೀಲಿನ ಹೊಸ ಮ್ಯಾನಿಫೋಲ್ಡ್ ಮಾಡಿಸಿ ತರಿಸಿದ್ದ. ನಾಲ್ಕು ಕೊಳವೆಗಳು ಬಾಗಿ ಬಂದು ಒಂದರಲ್ಲಿ ಸೇರುವ ಹೊಳಪಿನ ವಸ್ತು. ಇದರಿಂದ ಇಂಜಿನ್ನಿನ ಕಸುವು ಹೆಚ್ಚುತ್ತದೆಂದು ಸ್ಟಾಫ್ ರೂಮಿನಲ್ಲಿ ವಿವರಿಸಿದ್ದ. ಕಸುವು ಯಾವನಿಗೆ ಬೇಕಿತ್ತು? ಹೊಗೆ ಹೋಗಬೇಕು, ಅವಳ ನೆಪ ಹೋಗಬೇಕು, ಅಷ್ಟೇ.

ಬೆಳಿಗ್ಗೆ ಹೊರಡುವಾಗ ಅಡುಗೆಮನೆ ಬಾಗಿಲಲ್ಲಿ ನಿಂತು ಹೇಳಿದ್ದ: "ಸಂಜೆ ರೆಡಿಯಾಗಿರು. ಬಿಸಿಲೆ ಕಡೆ ಹೋಗಿ ಬರೋಣ. ಇನ್ನು ಕಾರಲ್ಲಿ ಹೊಗೆ ಇರಲ್ಲ."

"ನೋಡಾಣ," ಎಂದು ಅವಳು ಸಾರಿಗೆ ಒಗ್ಗರಣೆ ಹಾಕಿದ್ದಳು.

ಆ 'ನೋಡಾಣ'ವನ್ನು ಅವನು ಆಗಿನಿಂದ ಅಗಿಯುತ್ತಿದ್ದ. ಮದುವೆಯಾದ ವರ್ಷ ಬಿಸಿಲೆ ಘಾಟಿಯ ತಿರುವುಗಳಲ್ಲಿ ಅವಳು ಹೆದರಿ ಅವನ ತೋಳು ಹಿಡಿದಿದ್ದಳು. ಇವತ್ತು ತೋಳು ಹಿಡಿಯುವುದು ಬೇಡ, ಪಕ್ಕದಲ್ಲಿ ಕೂತರೆ ಸಾಕು. ಕೂರದಿದ್ದರೆ? ಕೂರದಿದ್ದರೆ ಅವಳಿಗೆ ಇಷ್ಟು ವರ್ಷ ಬೇಡವಾಗಿದ್ದದ್ದು ಹೊಗೆಯಲ್ಲ ಎಂದು ಖಚಿತವಾಗುತ್ತದೆ. ಅದನ್ನು ಯೋಚಿಸಿದಾಗಲೆಲ್ಲ ಅವನಿಗೆ ನಜೀರನ ಮೇಲೆ ಸಿಟ್ಟು ಬರುತ್ತಿತ್ತು.

ಮಧ್ಯಾಹ್ನ ಕಳೆದ ಮೇಲೆ ನಜೀರ್ ಹೊಸ ಮ್ಯಾನಿಫೋಲ್ಡನ್ನು ಪ್ಯಾಕಿಂಗ್ ಇಟ್ಟು ಕೂರಿಸಿ, ನಟ್ಟುಗಳನ್ನು ಬಿಗಿಮಾಡಿ, ಕೈ ಒರೆಸಿಕೊಂಡ. ಇಂಜಿನ್ ಚಾಲೂ ಮಾಡಿದರೆ ಬೀದಿಯಲ್ಲಿ ಹೋಗುತ್ತಿದ್ದವರ ಮಾತು ಕೇಳಿಸುವಷ್ಟು ಮೆತ್ತಗಿತ್ತು.

"ಸದ್ದು ಪೂರ್ತಿ ಹೋಯ್ತು. ಪರ್ವಾಗಿಲ್ವಾ ಸಾರ್?"

"ಅದೇನು ಹಾಗೆ ಕೇಳ್ತೀಯ?"

"ಏನಿಲ್ಲ. ಮೇಷ್ಟ್ರು ಬಂದ್ರು ಅಂತ ದೂರದಿಂದ್ಲೇ ಗೊತ್ತಾಗ್ತಿತ್ತು ಎಲ್ಲಾರ್ಗೂ."

"ಗೊತ್ತಾಗಿ ಏನು ಮಾಡ್ತಿದ್ರಿ?"

ನಜೀರ್ ಬಾನೆಟ್ ಮುಚ್ಚಿದ. ಡಿಕ್ಕಿಯಲ್ಲಿ ಜಾಗವಿಲ್ಲವೆಂದು ಹಳೆಯ ಮ್ಯಾನಿಫೋಲ್ಡನ್ನು ಪೇಪರಿನಲ್ಲಿ ಸುತ್ತಿ ಪಕ್ಕದ ಸೀಟಿನ ಮೇಲಿಟ್ಟ. ಅವಳಿಗಾಗಿ ಹಿಂದಿನ ದಿನವಷ್ಟೇ ಒರೆಸಿ ಹೊಳಪು ಮಾಡಿದ್ದ ಸೀಟು ಅದು. ಬಯ್ಯಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ನಜೀರ್ ಬೇರೊಂದು ಜೀಪಿನ ಕೆಳಗೆ ಮಲಗಿಬಿಟ್ಟಿದ್ದ.

ಪೇಟೆ ದಾಟಿದ ಮೇಲೆ ಕಾಫಿ ಕುಯ್ಯಲು ಹೋಗಿದ್ದ ಹೆಂಗಸರು ರಸ್ತೆ ತುಂಬ ಹರಡಿಕೊಂಡು ಮನೆಗೆ ಮರಳುತ್ತಿದ್ದರು. ದಿನಾ ಇವನು ಬರುವ ಮೊದಲೇ ಚರಂಡಿಯ ಬದಿಗೆ ಸರಿದು ನಿಲ್ಲುವವರು ಇವತ್ತು ಕದಲಲಿಲ್ಲ. ಹತ್ತಿರ ಹೋಗಿ ಹಾರನ್ ಒತ್ತಿದ. ಬೆಚ್ಚಿಬಿದ್ದು ಹಾರಿದ ಒಬ್ಬಳು, ಕಳ್ಳನ ಥರ ಬರ್ತಾನಲ್ಲ ಹಾಳಾದೋನು ಎಂದು ಬೈದಳು. ಅವಳಿಗೆ ತನ್ನ ಗುರುತೇ ಹತ್ತಲಿಲ್ಲ ಎಂಬುದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಆದರೂ ಕಾರಿನೊಳಗೆ ಹೊಗೆಯ ವಾಸನೆ ಎಳ್ಳಷ್ಟೂ ಇರಲಿಲ್ಲ. ಉದ್ದಕ್ಕೆ ಉಸಿರೆಳೆದುಕೊಂಡ. ಗೆದ್ದೆ ಅನ್ನಿಸಿತು.

ಸೇತುವೆಯ ತಿರುವು ಕಳೆದರೆ ಅವನ ಮನೆಯ ಏರು. ಹೆಂಡತಿಯ ಕಡೆಯಿಂದ ಬಂದ ಸಣ್ಣ ತೋಟ, ನಡುವೆ ಹೊಸದಾಗಿ ಕಟ್ಟಿಸಿದ ತಾರಸಿ ಮನೆ, ಮುಂದೆ ಕಾಫಿ ಒಣಗಿಸುವ ಸಿಮೆಂಟಿನ ಕಣ. ಅವನು ಬರುವ ಹೊತ್ತಿಗೆ ಗೇಟು ಯಾವಾಗಲೂ ತೆರೆದಿರುತ್ತಿತ್ತು. ಮಗಳು ಶೃತಿ ಪುಸ್ತಕದ ಮುಂದೆ, ಕೆಲಸದ ಚೆಲುವಮ್ಮ ಕಣದಲ್ಲಿ, ಕಾಫಿ ಲೋಟ ಮೇಜಿನ ಮೇಲೆ. ಇದೆಲ್ಲ ತಾನು ಕಲಿಸಿದ ಶಿಸ್ತು ಎಂದು ಅವನು ಹತ್ತಾರು ಜನರ ಮುಂದೆ ಹೇಳಿಕೊಂಡಿದ್ದ.

ಇವತ್ತು ಗೇಟು ಮುಚ್ಚಿತ್ತು.

ಯಾರು ಮುಚ್ಚಿದ್ದು? ಇಂಜಿನ್ ಆರಿಸಿ, ನಾಲ್ಕು ಮಾತು ಬಿಗಿಯಲು ಸಿದ್ಧನಾಗಿ ಇಳಿದ. ಚಿಲಕಕ್ಕೆ ಕೈಹಾಕಿದವನು ಹಾಗೇ ನಿಂತ. ಒಳಗೆ ಯಾರೋ ನಗುತ್ತಿದ್ದರು. ನೆಂಟರು ಬಂದಿರಬೇಕು ಅಂದುಕೊಂಡ.

ಗೇಟಿನ ಹೊರಗೆ ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರದ ಮರೆಯಿಂದ ನೋಡಿದ. ನೆಂಟರು ಯಾರೂ ಇರಲಿಲ್ಲ. ಗುಡ್ಡೆ ಹಾಕಿದ ಕಾಫಿಯ ಮೇಲೆ ಚೈತ್ರಶ್ರೀ ಕಾಲು ಚಾಚಿ ಕೂತಿದ್ದಳು. ಚೆಲುವಮ್ಮನ ಮಡಿಲಿನಿಂದ ಖಾರದ ಪುರಿ ತೆಗೆದು ಬಾಯಿಗೆ ಎಸೆದುಕೊಳ್ಳುತ್ತ, ಬಾಯಿತುಂಬ ಪುರಿ ಇಟ್ಟುಕೊಂಡೇ ನಗುತ್ತಿದ್ದಳು. ಶೃತಿಯ ಫೋನಿನಲ್ಲಿ ಯಾವುದೋ ಹಾಡು ಬರುತ್ತಿತ್ತು. ಹೆಂಡತಿ ನಕ್ಕರೆ ಕೆನ್ನೆಯಲ್ಲಿ ಗುಳಿ ಬೀಳುತ್ತದೆ ಎಂಬುದನ್ನು ಅವನು ಮರೆತೇಬಿಟ್ಟಿದ್ದ.

ಆಗ ಶೃತಿ ನಾಲಿಗೆಯನ್ನು ಅಂಗುಳಕ್ಕೆ ಬಡಿದು ಸದ್ದು ಮಾಡಿದಳು. ಪಟ್ ಪಟ್ ಪಟ್.

ಹಾಡು ನಿಂತಿತು. ಚೆಲುವಮ್ಮ ಮಡಿಲು ಮುಚ್ಚಿ, ಪೊರಕೆ ಹಿಡಿದು ತಲೆ ತಗ್ಗಿಸಿದಳು. ಚೈತ್ರಶ್ರೀ ಎರಡು ಬೆರಳನ್ನು ಹಣೆಗೆ ಒತ್ತಿ ಕಣ್ಣು ಅರ್ಧ ಮುಚ್ಚಿದಳು. ದಿನಾ ಸಂಜೆ ಅವನು ನೋಡುವ ಮುಖ ಅದು. ಅವಳ ಮುಖವೇ ಅದು ಎಂದು ಅವನು ತಿಳಿದಿದ್ದ.

ಶೃತಿ ಬೆನ್ನ ಹಿಂದೆ ಕೈಕಟ್ಟಿ, ಎದೆ ಉಬ್ಬಿಸಿ, ಕಣದ ಉದ್ದಕ್ಕೂ ನಡೆದಳು. ದನಿ ದಪ್ಪ ಮಾಡಿ, ಕಾಫಿ ಯಾಕೆ ಇನ್ನೂ ಮುಚ್ಚಿಲ್ಲ, ಈ ಮನೆಯಲ್ಲಿ ಯಾರಿಗೂ ಜವಾಬ್ದಾರಿ ಇಲ್ಲವಾ ಎಂದು ಕೇಳಿದಳು.

"ತಲೆನೋವು ಕಣ್ರೀ," ಎಂದಳು ಚೈತ್ರಶ್ರೀ, ಸಾಯುವವಳ ದನಿಯಲ್ಲಿ.

ಮೂವರೂ ಬಿದ್ದು ಬಿದ್ದು ನಕ್ಕರು. ಚೆಲುವಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಸಾಕು ಸುಮ್ಕಿರವ್ವ, ಮೇಷ್ಟ್ರು ಬರೋ ಹೊತ್ತಾಯ್ತು," ಅಂದಳು.

"ಬರ್ಲಿ ಬಿಡೆ. ತಿರುವಿಗೆ ಬಂದ್ರೆ ಸದ್ದು ಕೇಳ್ತೈತಲ್ಲ," ಎಂದಳು ಚೈತ್ರಶ್ರೀ.

ಅವನಿಗೆ ಮೊದಲು ಬಂದದ್ದು ಸಿಟ್ಟು. ಒಳಗೆ ನುಗ್ಗಿ ಮೂವರ ಮುಖಕ್ಕೂ ಉಗಿಯಬೇಕು. ಒಂದು ಹೆಜ್ಜೆ ಇಟ್ಟ. ಇನ್ನೊಂದು ಇಟ್ಟರೆ ಆ ಬೆರಳು ಹಣೆಗೆ ಏರುತ್ತದೆ, ಈ ಸಲ ತಮಾಷೆಗಲ್ಲ. ಅವನು ಹೋದ ಕಡೆ ಆ ನಗು ಇರುವುದಿಲ್ಲ. ನಗು ಇರಬೇಕಾದರೆ ಅವನು ಗೇಟಿನ ಹೊರಗೇ ಇರಬೇಕು. ಸಿಟ್ಟು ಇಳಿಯಿತು. ಆ ಜಾಗದಲ್ಲಿ ಹೆದರಿಕೆ ಬಂದು ಕೂತಿತು. ಇಷ್ಟು ದಿನ ಆ ಬಿರುಕಿನ ಸದ್ದು, ಇದೆಲ್ಲ ಕಣ್ಣಿಗೆ ಬೀಳದಂತೆ, ತನ್ನನ್ನೇ ಕಾಪಾಡಿತ್ತು ಎಂದು ಅವನಿಗೆ ಗೊತ್ತಾಯಿತು. ಸಂಜೆ ಅವಳು ಪಕ್ಕದಲ್ಲಿ ಕೂರುತ್ತಾಳೋ ಇಲ್ಲವೋ ಎಂದು ಇನ್ನು ಕೇಳುವ ಅಗತ್ಯವೇ ಇರಲಿಲ್ಲ.

ಮೆಲ್ಲಗೆ ಹಿಂದಕ್ಕೆ ಬಂದು ಕಾರಿನಲ್ಲಿ ಕೂತ. ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡ. ಇಂಜಿನ್ ಚಾಲೂ ಮಾಡಿ ಆಕ್ಸಿಲರೇಟರ್ ಒತ್ತಿದ; ಕಾರು ಒಮ್ಮೆ ಉಸಿರು ಬಿಟ್ಟಂತಾಯಿತು, ಅಷ್ಟೇ. ಒಳಗೆ ಹಾಡು ಮತ್ತೆ ಶುರುವಾಗಿತ್ತು. ಹಾರನ್ ಒತ್ತಬಹುದಿತ್ತು. ಆದರೆ ಹಾರನ್ ಒತ್ತಿ ಬರುವವನನ್ನು ಅವರು ಯಾರೆಂದು ತಿಳಿಯುತ್ತಾರೆ?

ಪಕ್ಕದ ಸೀಟಿನಲ್ಲಿ ಪೇಪರು ಬಿಚ್ಚಿಕೊಂಡಿತ್ತು. ಹಳೆಯ ಮ್ಯಾನಿಫೋಲ್ಡ್ ಬಿರುಕು ಬಾಯಿ ಬಿಟ್ಟುಕೊಂಡು ಕೂತಿತ್ತು. ಅದರ ತುಕ್ಕು ಸೀಟಿಗೆ ಹತ್ತಿತ್ತು.

ಅವನು ಗಾಜು ಇಳಿಸಿದ. ನಾಲಿಗೆಯನ್ನು ಅಂಗುಳಕ್ಕೆ ಬಡಿದ. ಪಟ್. ಮಗಳಷ್ಟು ಚೆನ್ನಾಗಿ ಬರಲಿಲ್ಲ. ತುಟಿ ಒದ್ದೆ ಮಾಡಿಕೊಂಡು ಮತ್ತೆ ಬಡಿದ. ಪಟ್ ಪಟ್. ಇನ್ನೂ ಗಟ್ಟಿಯಾಗಿ. ಪಟ್ ಪಟ್ ಪಟ್.

ಹಾಡು ನಿಂತಿತು. ನಗುವೂ ನಿಂತಿತು. ಸಿಮೆಂಟಿನ ಮೇಲೆ ಕಾಲುಗಳು ಓಡಾಡಿದವು. ಚೆಲುವಮ್ಮ ಓಡಿಬಂದು ಗೇಟಿನ ಚಿಲಕ ತೆಗೆದು, ಎರಡೂ ಬಾಗಿಲನ್ನು ತಳ್ಳಿ, ತಲೆ ತಗ್ಗಿಸಿ ಪಕ್ಕಕ್ಕೆ ನಿಂತಳು. ಅವಳ ಹಿಂದೆ ದೂರದಲ್ಲಿ ಚೈತ್ರಶ್ರೀಯ ಕೈ ಹಣೆಯ ಮೇಲಿತ್ತು.

ಗೇಟು ತೆರೆದೇ ಇತ್ತು. ಕಾರು ನಿಂತಲ್ಲಿಂದ ಅಲುಗಲಿಲ್ಲ. ಚೆಲುವಮ್ಮ ಕೊನೆಗೆ ತಲೆಯೆತ್ತಿ ನೋಡಿದಳು. ಮೇಷ್ಟ್ರು ಸ್ಟಿಯರಿಂಗ್ ಹಿಡಿದು, ಎದುರಿಗೆ ದಿಟ್ಟಿಸುತ್ತ, ಬಾಯಿಂದ ಪಟ್ ಪಟ್ ಪಟ್ ಅನ್ನುತ್ತಲೇ ಇದ್ದರು.